ಓಟ ನಿಂತ ಮೇಲೆ ಕುದುರೆ ಎಲ್ಲಿಗೆ ಹೋಗಬೇಕು?

ನಾನು ಸವಾರಿ ಕಲಿತದ್ದು ಒಂದು ಕಂದು ಕುದುರೆಯ ಮೇಲೆ. ಹಣೆಯಲ್ಲಿ ಬಿಳಿ ಚುಕ್ಕೆ, ಎಡ ಹಿಂಗಾಲಿನ ಗೊರಸಿನ ಮೇಲೆ ಒಂದು ಗೇಣು ಬಿಳುಪು. ಚಿಕ್ಕ ವಯಸ್ಸಿನಲ್ಲಿ ರೇಸ್ ಓಡಿ, ಆಮೇಲೆ ಬೆಂಗಳೂರಿನ ಹೊರಗಿನ ಒಂದು ಸವಾರಿ ಶಾಲೆಗೆ ಬಂದಿದ್ದ. ನಮ್ಮಂಥ ಹೊಸಬರು ಲಗಾಮನ್ನು ಹೇಗೆ ಎಳೆದರೂ ತಡೆದುಕೊಳ್ಳುತ್ತಿದ್ದ. 18 ವರ್ಷ ತುಂಬುವ ಹೊತ್ತಿಗೆ ಮುಂಗಾಲಿನ ಕೀಲು ಬಿಗಿಯತೊಡಗಿತು. "ಯಾರೋ ತೋಟದವರು ಒಯ್ಯುತ್ತಾರಂತೆ, ಬೇಕಾದಷ್ಟು ಹುಲ್ಲಿದೆಯಂತೆ" ಎಂದರು. ನಮಗೆಲ್ಲ ಖುಷಿ. ಬೆಲ್ಲ ತಿನ್ನಿಸಿ, ಫೋಟೊ ತೆಗೆಸಿಕೊಂಡು ಕಳಿಸಿಕೊಟ್ಟೆವು.

ಎಂಟು ತಿಂಗಳಾದ ಮೇಲೆ ಅವನನ್ನು ಮತ್ತೆ ನೋಡಿದೆ. ಒಂದು ಮದುವೆ ಮೆರವಣಿಗೆಯಲ್ಲಿ. ಮೈಮೇಲೆ ಜರಿ ಬಟ್ಟೆ, ಪಕ್ಕದಲ್ಲೇ ಡಿಜೆ ಸದ್ದು, ಕಾಲ ಕೆಳಗೆ ಟಾರು ರಸ್ತೆ. ಜರಿಯ ಅಂಚಿನಲ್ಲಿ ಪಕ್ಕೆಲುಬು ಎಣಿಸಬಹುದಿತ್ತು. ಹಿಡಿದು ನಿಂತಿದ್ದವನನ್ನು ಕೇಳಿದೆ. ಅವನು ಇನ್ನೊಬ್ಬರಿಂದ ಕೊಂಡಿದ್ದ, ಆ ಇನ್ನೊಬ್ಬರು ಮತ್ತೊಬ್ಬರಿಂದ. ತೋಟದ ವಿಷಯವೇ ಅವನಿಗೆ ಗೊತ್ತಿರಲಿಲ್ಲ. ನಾವು ನಾಲ್ಕು ಜನ ಸೇರಿ ದುಡ್ಡು ಹೊಂದಿಸುವಷ್ಟರಲ್ಲಿ ಕುದುರೆ ಇನ್ನೊಂದು ಕೈ ದಾಟಿತ್ತು. ಮತ್ತೆ ಸಿಗಲಿಲ್ಲ.

ಅವನನ್ನು ಕಳಿಸಿದವರಲ್ಲಿ ಯಾರೂ ಕೆಡುಕು ಬಯಸಿರಲಿಲ್ಲ. ಕೇಳಬೇಕಾದದ್ದನ್ನು ಯಾರೂ ಕೇಳಿರಲಿಲ್ಲ, ಅಷ್ಟೇ. ನಾನೂ ಕೇಳಿರಲಿಲ್ಲ. ಏನೇನು ಕೇಳಬೇಕು ಅನ್ನುವುದನ್ನು ಆಮೇಲೆ ವೈದ್ಯರಿಂದ, ಲಾಯದಲ್ಲಿ ದುಡಿಯುವ ಸಯೀಸ್‌ಗಳಿಂದ ಒಂದೊಂದಾಗಿ ಕಲಿತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಉಳಿದ ವರ್ಷಗಳ ಲೆಕ್ಕ

ರೇಸಿನ ಕುದುರೆ ಸಾಮಾನ್ಯವಾಗಿ 2 ಅಥವಾ 3 ವರ್ಷಕ್ಕೆ ಓಡಲು ಶುರು ಮಾಡುತ್ತದೆ. ಮುಂಬೈಯಲ್ಲಿ ನಡೆಯುವ ಇಂಡಿಯನ್ ಡರ್ಬಿ ಎಂಬ ದೊಡ್ಡ ರೇಸಿನಲ್ಲಿ ಓಡುವುದೇ 4 ವರ್ಷದ ಕುದುರೆಗಳು. ಹೆಚ್ಚಿನವುಗಳ ಓಟ 7-8 ವರ್ಷದೊಳಗೆ ಮುಗಿದುಹೋಗುತ್ತದೆ. ಆದರೆ ಚೆನ್ನಾಗಿ ನೋಡಿಕೊಂಡರೆ ಕುದುರೆ 25 ವರ್ಷ ಬಾಳುತ್ತದೆ, ಕೆಲವು 30 ದಾಟುತ್ತವೆ. ಅಂದರೆ ಓಟದ ಬದುಕಿಗಿಂತ ಓಟದ ನಂತರದ ಬದುಕೇ ಜಾಸ್ತಿ. ಕೆಲವು ಕುದುರೆಗಳು ತಳಿ ಬೆಳೆಸುವ ಸ್ಟಡ್ ಫಾರ್ಮಿಗೆ ಹೋಗುತ್ತವೆ, ಕೆಲವು ಸವಾರಿ ಶಾಲೆಗೆ. ಅಲ್ಲೂ 10-12 ವರ್ಷ ದುಡಿದ ಮೇಲೆ ಮತ್ತದೇ ಪ್ರಶ್ನೆ: ಇನ್ನು ಎಲ್ಲಿಗೆ?

ನಮ್ಮ ರಾಜ್ಯಕ್ಕೆ ಇದು ದೂರದ ವಿಷಯವಲ್ಲ. ಬೆಂಗಳೂರು, ಮೈಸೂರು ಎರಡೂ ಕಡೆ ರೇಸ್ ಇದೆ. ಕುಣಿಗಲ್‌ನ ಕುದುರೆ ಫಾರ್ಮಿನ ಇತಿಹಾಸ ಟಿಪ್ಪುವಿನ ಕಾಲಕ್ಕೆ ಹೋಗುತ್ತದೆ. ಮೈಸೂರಿನ ಅಶ್ವಾರೋಹಿ ಪೊಲೀಸ್ ದಳವನ್ನು ದಸರಾದಲ್ಲಿ ನೋಡದವರಿಲ್ಲ. ಅರಮನೆ ಸುತ್ತ ಟಾಂಗಾಗಳಿವೆ. ಇಷ್ಟೆಲ್ಲ ಕುದುರೆಗಳಿಗೂ ವಯಸ್ಸಾಗುತ್ತದೆ, ಅಲ್ವಾ? ಹಸುವಿಗೆ ವಯಸ್ಸಾದರೆ ಗೋಶಾಲೆ ಅನ್ನುವ ಒಂದು ಪದವಾದರೂ ನಮ್ಮಲ್ಲಿದೆ. ಕುದುರೆಗೆ ಇರುವುದು ಲಾಯ. ಲಾಯ ಎಂದರೆ ದುಡಿಯುವ ಕುದುರೆಯನ್ನು ಕಟ್ಟುವ ಜಾಗ. ದುಡಿಮೆ ಮುಗಿದ ಕುದುರೆಯ ಜಾಗಕ್ಕೆ ನಮ್ಮಲ್ಲಿ ಬಳಕೆಯ ಮಾತೇ ಇಲ್ಲ.

ಕಷ್ಟ ಹೆಚ್ಚಾಗಲು ಇನ್ನೊಂದು ಕಾರಣವಿದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 6.25 ಲಕ್ಷ ಕುದುರೆ ಮತ್ತು ತಟ್ಟುಗಳಿದ್ದವು. 2019ರ ಗಣತಿಯಲ್ಲಿ ಅದು 3.4 ಲಕ್ಷಕ್ಕೆ ಇಳಿಯಿತು. ಏಳು ವರ್ಷದಲ್ಲಿ ಹತ್ತಿರಹತ್ತಿರ ಅರ್ಧ. ಕುದುರೆ ಕಡಿಮೆಯಾದ ಹಾಗೆ ಕುದುರೆ ಬಲ್ಲವರೂ ಕಡಿಮೆಯಾಗುತ್ತಾರೆ. ಗೊರಸು ಕತ್ತರಿಸಿ ಲಾಳ ಹೊಡೆಯುವವರು, ಅದರ ಹಲ್ಲು ನೋಡಬಲ್ಲ ವೈದ್ಯರು, ಮೈ ಮುಟ್ಟಿದ ಕೂಡಲೇ ಜ್ವರ ಹೇಳುವ ಸಯೀಸ್‌ಗಳು. ತೋಟ ಇದ್ದವರೆಲ್ಲ ಕುದುರೆ ಸಾಕಬಲ್ಲರು ಅನ್ನುವ ಕಾಲ ಇದಲ್ಲ.

ಮುದಿ ಕುದುರೆಗೆ ಏನು ಬೇಕು

ಹೊಸ ಮನೆಯವರು ಮೊದಲು ಹೇಳುವ ಮಾತು "ಹುಲ್ಲು ಬೇಕಾದಷ್ಟಿದೆ". ಅಲ್ಲಿಂದಲೇ ತಿಳಿಯುತ್ತಾ ಬರೋಣ.

ಕುದುರೆ ದಿನಕ್ಕೆ ತನ್ನ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣಮೇವು ತಿನ್ನಬೇಕು. 450 ಕೆ.ಜಿ. ಕುದುರೆಗೆ 7ರಿಂದ 9 ಕೆ.ಜಿ. ದಿನಕ್ಕೆ 8 ಎಂದಿಟ್ಟುಕೊಂಡರೂ ವರ್ಷಕ್ಕೆ ಸುಮಾರು 3 ಟನ್. ಹತ್ತು ವರ್ಷ ಬದುಕಿದರೆ 30 ಟನ್. ನೀರು ದಿನಕ್ಕೆ 25ರಿಂದ 45 ಲೀಟರ್, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಮಳೆಗಾಲದ ಹಸಿರು ನೋಡಿ "ಹುಲ್ಲಿದೆ" ಎನ್ನುವವರನ್ನು ಮಾರ್ಚ್, ಏಪ್ರಿಲ್‌ನಲ್ಲಿ ಏನು ಮಾಡುತ್ತೀರಿ ಎಂದು ಕೇಳಬೇಕು. ಒಣಹುಲ್ಲಿನ ಬಣವೆ ಎಲ್ಲಿದೆ, ಬೋರ್‌ವೆಲ್ ಬತ್ತಿದರೆ ಟ್ಯಾಂಕರ್ ಯಾರು ತರಿಸುತ್ತಾರೆ ಎಂದು ಕೇಳಬೇಕು.

ಹುಲ್ಲಿದ್ದರೂ ಅಗಿಯಲು ಹಲ್ಲು ಬೇಕು. ಕುದುರೆಯ ದವಡೆ ಹಲ್ಲು ನಮ್ಮ ಹಲ್ಲಿನ ಹಾಗಲ್ಲ. ಉದ್ದನೆಯ ಹಲ್ಲು ವಸಡಿನೊಳಗೆ ಅಡಗಿರುತ್ತದೆ. ಮೇಲೆ ಸವೆದಷ್ಟು, ವರ್ಷಕ್ಕೆ 2-3 ಮಿಲಿಮೀಟರ್, ಕೆಳಗಿನಿಂದ ಹೊರಗೆ ಬರುತ್ತಿರುತ್ತದೆ. ವಯಸ್ಸು 20 ದಾಟುತ್ತಾ ಬಂದಂತೆ ಒಳಗಿನ ದಾಸ್ತಾನು ಮುಗಿಯತೊಡಗುತ್ತದೆ. ಕೆಲವು ಹಲ್ಲು ಉದುರುತ್ತವೆ, ಕೆಲವು ಚೂಪಾಗಿ ಕೆನ್ನೆಯ ಒಳಗೆ ಹುಣ್ಣು ಮಾಡುತ್ತವೆ. ಆಗ ಕುದುರೆ ಹುಲ್ಲನ್ನು ಬಾಯಲ್ಲಿ ಹೊರಳಿಸಿ, ಉಂಡೆ ಮಾಡಿ, ನುಂಗಲಾಗದೆ ಉಗುಳುತ್ತದೆ. ಮುಂದೆ ಹುಲ್ಲಿನ ರಾಶಿ ಇದ್ದರೂ ಹಸಿದುಕೊಂಡೇ ಇರುತ್ತದೆ. ಗೋದಲಿಯ ಸುತ್ತ ಅಂಥ ಒದ್ದೆ ಉಂಡೆಗಳು ಬಿದ್ದಿದ್ದರೆ ಹಲ್ಲು ಸೋತಿದೆ ಎಂದರ್ಥ. ಇಂಥ ಕುದುರೆಗೆ ಮೇವನ್ನು ಸಣ್ಣಗೆ ಕತ್ತರಿಸಿ, ಬೂಸಾ, ಹಿಂಡಿಯನ್ನು ನೀರಿನಲ್ಲಿ ನೆನೆಸಿ, ಗಂಜಿಯಂತೆ ಮಾಡಿ ಕೊಡಬೇಕು. ಅದೂ ಒಂದೇ ಸಲ ಅಲ್ಲ, ದಿನಕ್ಕೆ ಮೂರು ನಾಲ್ಕು ಸಲ. ಒಣಗಿದ್ದನ್ನು ಹಾಗೇ ಸುರಿದರೆ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ ಎನ್ನುವುದು ನೆನಪಿರಲಿ. ತಿಂದದ್ದು ಹೊಟ್ಟೆಯಲ್ಲಿ ತೊಂದರೆ ಮಾಡಿದರೆ ಹೊರಗೆ ಬರುವ ದಾರಿಯಿಲ್ಲ. ಅದಕ್ಕೇ ಹೊಟ್ಟೆಶೂಲೆ ಕುದುರೆಗೆ ಪ್ರಾಣಕ್ಕೇ ಬರುವ ಕಾಯಿಲೆ.

ಪ್ರೀತಿಯಿಂದ ಮಾಡುವ ತಪ್ಪೇ ಇಲ್ಲಿ ದೊಡ್ಡ ಅಪಾಯ. ಬಡಕಲು ಕುದುರೆ ಬಂತು ಎಂದು ಮೊದಲ ದಿನವೇ ಒಂದು ಬಕೆಟ್ ಹುರುಳಿ ಬೇಯಿಸಿ ಹಾಕುವವರನ್ನು ಕಂಡಿದ್ದೇನೆ. ಊರ ಜಾತ್ರೆಯಲ್ಲಿ ಉಳಿದ ಅನ್ನ ತಂದು ಸುರಿಯುವವರೂ ಇದ್ದಾರೆ. ಒಮ್ಮೆಗೇ ಕಾಳು, ಅನ್ನ ಜಾಸ್ತಿಯಾದರೆ ಹೊಟ್ಟೆಶೂಲೆ ಬರಬಹುದು. ಜೊತೆಗೆ ಗೊರಸೂ ಕೆಡಬಹುದು. ಹೊಟ್ಟೆಗೂ ಗೊರಸಿಗೂ ಏನು ಸಂಬಂಧ ಅನ್ನಿಸಬಹುದು. ನಮ್ಮ ಉಗುರು ಬೆರಳಿನ ಮಾಂಸಕ್ಕೆ ಅಂಟಿಕೊಂಡಿದೆಯಲ್ಲ, ಹಾಗೆ ಗೊರಸಿನ ಗಟ್ಟಿ ಗೋಡೆ ಒಳಗಿನ ಎಲುಬಿಗೆ ತೆಳ್ಳನೆ ಪದರಗಳಿಂದ ಅಂಟಿಕೊಂಡಿರುತ್ತದೆ. ಕುದುರೆಯ ಅಷ್ಟೂ ಭಾರ ಆ ಅಂಟಿನ ಮೇಲೆ ನಿಂತಿದೆ. ಹೊಟ್ಟೆ ಕೆಟ್ಟಾಗ, ಮೈಯಲ್ಲಿ ಇನ್ಸುಲಿನ್ ಏರಿದಾಗ ಆ ಪದರಗಳು ಊದಿ ಸಡಿಲವಾಗುತ್ತವೆ. ಲ್ಯಾಮಿನೈಟಿಸ್ ಎನ್ನುವುದು ಇದನ್ನೇ. ಕೈಮೀರಿದರೆ ಎಲುಬೇ ಕೆಳಕ್ಕೆ ತಿರುಗುತ್ತದೆ. ಮೇವು ಬದಲಿಸುವುದಿದ್ದರೆ ಹತ್ತು ದಿನ, ಎರಡು ವಾರ ಹಿಡಿದು ಸ್ವಲ್ಪ ಸ್ವಲ್ಪವಾಗಿಯೇ ಬದಲಿಸಬೇಕು. ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಎಂಬ ಹಸಿರು ಮೇವು) ಒಳ್ಳೆಯದು, ಆದರೆ ಅದನ್ನೂ ಅಳತೆಯಲ್ಲೇ ಕೊಡಬೇಕು.

ವಯಸ್ಸಾದ ಕುದುರೆಗೆ ಬರುವ ಇನ್ನೊಂದು ತೊಂದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯದು. 15 ದಾಟಿದವುಗಳಲ್ಲಿ ಸಾಕಷ್ಟು ಸಾಮಾನ್ಯ. ಬೇಸಿಗೆ ಬಂದರೂ ಕೂದಲು ಉದುರದೆ ಉದ್ದವಾಗಿ, ಗುಂಗುರಾಗಿ ಉಳಿಯುತ್ತದೆ. ಬೆನ್ನಿನ ಮಾಂಸ ಕರಗಿ ಹೊಟ್ಟೆ ಜೋಲುತ್ತದೆ. ಇದಕ್ಕೆ ಮಾತ್ರೆ ಇದೆ, ಆದರೆ ದಿನವೂ ಕೊಡಬೇಕು, ಬದುಕಿರುವ ತನಕ ಕೊಡಬೇಕು. ಬಿಳಿ ಕುದುರೆಗಳಿಗೆ ಬೇರೆಯದೇ ಕಷ್ಟ. ವಯಸ್ಸಾದಂತೆ ಅವುಗಳಲ್ಲಿ ಬಹುಪಾಲಿಗೆ ಬಾಲದ ಕೆಳಗೆ, ಗುದದ ಸುತ್ತ ಕಪ್ಪು ಗಂಟುಗಳು ಏಳುತ್ತವೆ. ಕೆಲವು ವರ್ಷಗಟ್ಟಲೆ ಹಾಗೇ ಇರುತ್ತವೆ, ಕೆಲವು ಒಳಗೆ ಹರಡುತ್ತವೆ. ಮದುವೆಗೆ ಬಿಳಿ ಕುದುರೆಯನ್ನೇ ಹುಡುಕುವವರು ಬಾಲ ಎತ್ತಿ ನೋಡುವುದಿಲ್ಲ.

ನಿದ್ದೆಯ ವಿಷಯ ನನಗೆ ತುಂಬ ತಡವಾಗಿ ತಿಳಿದದ್ದು. ಕುದುರೆ ನಿಂತೇ ನಿದ್ದೆ ಮಾಡುತ್ತದೆ ಎಂದು ನಾವೆಲ್ಲ ಓದಿದ್ದೇವೆ. ಅದು ಅರ್ಧ ನಿಜ. ತೂಕಡಿಕೆ ನಿಂತೇ ಆಗುತ್ತದೆ. ಗಾಢ ನಿದ್ದೆಗೆ ದಿನಕ್ಕೆ ಅರ್ಧ, ಮುಕ್ಕಾಲು ಗಂಟೆಯಾದರೂ ಅದು ಮಲಗಲೇಬೇಕು. ಕೀಲು ನೋಯುವ ಮುದಿ ಕುದುರೆ ಮಲಗಲು ಹೆದರುತ್ತದೆ, ಮಲಗಿದರೆ ಏಳಲಾಗದು ಅಂತ. ದಿನಗಟ್ಟಲೆ ಮಲಗದೆ, ನಿಂತಲ್ಲೇ ಗಾಢ ನಿದ್ದೆಗೆ ಜಾರಿ, ಮುಂಗಾಲು ಮಡಚಿ ಮುಗ್ಗರಿಸುತ್ತದೆ. ಮುಂಗಾಲಿನ ಗೆಣ್ಣಿನ ಮೇಲೆ ಮತ್ತೆ ಮತ್ತೆ ತರಚಿದ ಗಾಯ ಕಂಡರೆ ಇದನ್ನು ಅನುಮಾನಿಸಬೇಕು. ಅದಕ್ಕೆ ಬೇಕಾದದ್ದು ಕಲ್ಲುಹಾಸು, ಸಿಮೆಂಟು ಅಲ್ಲ. ದಪ್ಪಗೆ ಹುಲ್ಲೋ ಮರಳೋ ಹಾಸಿದ, ನೀರು ನಿಲ್ಲದ, ಆರಾಮವಾಗಿ ಹೊರಳಬಹುದಾದಷ್ಟು ಅಗಲದ ಜಾಗ.

ಜೊತೆಯೂ ಬೇಕು. ಹಿಂಡಿನ ಪ್ರಾಣಿ ಅದು. ಒಂದು ಮಲಗಿದಾಗ ಇನ್ನೊಂದು ಕಾವಲು ನಿಲ್ಲುತ್ತದೆ. ಒಂಟಿ ಕುದುರೆ ನೆಮ್ಮದಿಯಾಗಿ ಮಲಗುವುದೂ ಕಷ್ಟ. ಇನ್ನೊಂದು ಕುದುರೆ ಅಥವಾ ತಟ್ಟು ಇರುವ ಮನೆಗೇ ನನ್ನ ಮೊದಲ ಓಟು. ಕತ್ತೆಯಾದರೂ ಸರಿ. ಹಸು, ಮೇಕೆ ಏನೂ ಇಲ್ಲದ್ದಕ್ಕಿಂತ ಮೇಲು, ಅಷ್ಟೇ.

ಯಾರಿಗೆ ಕೊಡಬಹುದು, ಯಾರಿಗೆ ಬೇಡ

ವಯಸ್ಸಾಯಿತು ಅಂದರೆ ಪೂರಾ ಕಟ್ಟಿಹಾಕಬೇಕು ಎಂದಲ್ಲ. ಕೀಲು ಬಿಗಿದ ಕುದುರೆಗೆ ನಿಧಾನ ನಡಿಗೆ ಔಷಧಿಯ ಹಾಗೆ. ಚಿಕ್ಕ ಮಕ್ಕಳನ್ನು ಹತ್ತಿಸಿಕೊಂಡು ಮಣ್ಣಿನ ನೆಲದಲ್ಲಿ ದಿನಕ್ಕೆ ಅರ್ಧ ಗಂಟೆ ನಡೆಯುವ ಕೆಲಸ ಎಷ್ಟೋ ಕುದುರೆಗಳಿಗೆ ಹಿತ. ಸವಾರ ಮತ್ತು ಜೀನಿನ ಭಾರ ಸೇರಿ ಕುದುರೆಯ ತೂಕದ ಐದರಲ್ಲಿ ಒಂದು ಪಾಲು ಮೀರಬಾರದು ಎಂಬುದು ಎಲ್ಲ ಕುದುರೆಗೂ ಹೇಳುವ ಮಾತು. ಮುದಿ ಕುದುರೆಗೆ ಅದಕ್ಕಿಂತಲೂ ಸಾಕಷ್ಟು ಕಡಿಮೆ ಇರಬೇಕು.

ತೂಕ ನೋಡಲು ದೊಡ್ಡ ತಕ್ಕಡಿ ಬೇಕಿಲ್ಲ. ಟೈಲರ್ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ. ಅದನ್ನು ಅದರಿಂದಲೇ ಗುಣಿಸಿ. ಹೆಗಲಿನ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 175, ಉದ್ದ 160 ಇದ್ದರೆ ಸುಮಾರು 412 ಕೆ.ಜಿ. ಕೊಡುವ ದಿನ ಈ ಲೆಕ್ಕ ಬರೆದಿಡಿ. ಎರಡು ತಿಂಗಳ ನಂತರ ಹೋಗಿ ಮತ್ತೆ ಅಳೆಯಿರಿ. "ಚೆನ್ನಾಗಿದೆ" ಎನ್ನುವ ಮಾತಿಗಿಂತ ಆ ಟೇಪು ಹೆಚ್ಚು ಹೇಳುತ್ತದೆ.

ನಾನು ಖಂಡಿತ ಬೇಡ ಎನ್ನುವ ಮನೆಗಳಿವೆ. ಮದುವೆ ಮೆರವಣಿಗೆಗೆ ಬಾಡಿಗೆ ಬಿಡುವವರು. ಬಂದ ಅತಿಥಿಗಳನ್ನೆಲ್ಲ ತೂಕ ನೋಡದೆ ಹತ್ತಿಸುವ ರೆಸಾರ್ಟುಗಳು. ಗೇಟಿನ ಬಳಿ ನೋಡಲು ಚೆಂದ ಎಂದು ಒಂದೇ ಒಂದು ಕುದುರೆ ಬೇಕೆನ್ನುವ ಫಾರ್ಮ್‌ಹೌಸ್. ವಾರಾಂತ್ಯಕ್ಕೆ ಮಾತ್ರ ಯಜಮಾನರು ಬರುವ ತೋಟ. ಮಿಕ್ಕ ಐದು ದಿನ ನೋಡಿಕೊಳ್ಳುವ ಆಳಿಗೆ ಕುದುರೆ ಗೊತ್ತಿದೆಯೇ ಎನ್ನುವುದೇ ಅಲ್ಲಿ ಮುಖ್ಯ ಪ್ರಶ್ನೆ. ಹಾಗಾಗಿ ಯಜಮಾನರ ಜೊತೆ ಮಾತಾಡುವುದಕ್ಕಿಂತ ಆ ಆಳಿನ ಜೊತೆ ಕೂತು ಮಾತಾಡಿ. ಕುದುರೆಯ ಕಾಲು ಎತ್ತಿಸಿ ನೋಡಿ. ಗೊರಸಿನ ಅಡಿ ಕೆರೆದು ತೋರಿಸುವಂತೆ ಕೇಳಿ. ಗೊರಸನ್ನು 6ರಿಂದ 8 ವಾರಕ್ಕೊಮ್ಮೆ ಕತ್ತರಿಸಬೇಕು. ಅದಕ್ಕೆ ಯಾರು ಬರುತ್ತಾರೆ ಎಂದು ಕೇಳಿದರೆ ಒಂದು ಹೆಸರು, ಒಂದು ಫೋನ್ ನಂಬರ್ ಕೂಡಲೇ ಬರಬೇಕು. ಕುದುರೆ ನೋಡುವ ವೈದ್ಯರು ಎಷ್ಟು ದೂರದಲ್ಲಿದ್ದಾರೆ ಎಂದೂ ಕೇಳಿ. ಹೊಟ್ಟೆಶೂಲೆ ಬಂದ ರಾತ್ರಿ ಒಂದೊಂದು ಗಂಟೆಯೂ ಎಣಿಕೆಗೆ ಬರುತ್ತದೆ.

ಕೊಡುವವರೂ ನಿಜ ಹೇಳಬೇಕು. ವಯಸ್ಸನ್ನು ಮುಚ್ಚಿಡಬೇಡಿ. ಮೇಲ್ದವಡೆಯ ಮೂಲೆಯ ಬಾಚಿಹಲ್ಲಿನಲ್ಲಿ 10ನೇ ವರ್ಷದ ಹೊತ್ತಿಗೆ ಒಂದು ಗೆರೆ ಮೂಡುತ್ತದೆ. 15ಕ್ಕೆ ಅರ್ಧ ಹಲ್ಲಿನ ತನಕ, 20ಕ್ಕೆ ಪೂರ್ತಿ ಇಳಿಯುತ್ತದೆ. ಆಮೇಲೆ ಮೇಲಿನಿಂದ ಅಳಿಸುತ್ತಾ ಬರುತ್ತದೆ. ಪಕ್ಕಾ ಲೆಕ್ಕವಲ್ಲ, ಆದರೆ ಬಲ್ಲವರು ಬಾಯಿ ಬಿಡಿಸಿದರೆ ಸುಳ್ಳು ಹೆಚ್ಚು ದಿನ ನಿಲ್ಲುವುದಿಲ್ಲ. ಹಳೆಯ ಗಾಯ, ಹೆದರುವ ಸದ್ದು, ಒದೆಯುವ ಅಭ್ಯಾಸ ಎಲ್ಲವನ್ನೂ ಹೇಳಿ. ಕೇಳಿ ಹಿಂದೆ ಸರಿಯುವವರು ಈಗಲೇ ಸರಿಯಲಿ.

ಸಾಗಿಸುವ ಮೊದಲು ಗ್ಲಾಂಡರ್ಸ್ ರಕ್ತಪರೀಕ್ಷೆ ಮಾಡಿಸಿ. ಇದು ಕುದುರೆಯಿಂದ ಮನುಷ್ಯರಿಗೂ ಬರುವ ರೋಗ. ಲಸಿಕೆ ಇಲ್ಲ. ಪಾಸಿಟಿವ್ ಬಂದ ಕುದುರೆಯನ್ನು ಕಾನೂನಿನ ಪ್ರಕಾರ ದಯಾಮರಣಕ್ಕೆ ಒಳಪಡಿಸುತ್ತಾರೆ. ಹೊಸ ಮನೆಯಲ್ಲಿ ಈಗಾಗಲೇ ಇರುವ ಕುದುರೆಗಳ ಪ್ರಾಣವೂ ಈ ಪರೀಕ್ಷೆಯ ಮೇಲೆ ನಿಂತಿದೆ. ಧನುರ್ವಾಯು ಚುಚ್ಚುಮದ್ದು, ಜಂತುಹುಳದ ಔಷಧಿ ಯಾವಾಗ ಕೊಟ್ಟದ್ದು ಎಂದು ಒಂದು ಪುಸ್ತಕದಲ್ಲಿ ಬರೆದು ಜೊತೆಗೆ ಕಳಿಸಿ. ಥರೋಬ್ರೆಡ್, ಅಂದರೆ ರೇಸಿನ ತಳಿಯ ಕುದುರೆ ಆಗಿದ್ದರೆ ಕತ್ತಿನ ಎಡಭಾಗದಲ್ಲಿ ಮೈಕ್ರೋಚಿಪ್ ಇರುತ್ತದೆ. ಅದರ ನಂಬರ್ ನಿಮ್ಮ ಬಳಿಯೂ ಇರಲಿ. ನಮ್ಮ ಕಂದು ಕುದುರೆಯ ನಂಬರ್ ನಾವು ಯಾರೂ ಬರೆದಿಟ್ಟುಕೊಂಡಿರಲಿಲ್ಲ.

ಕಾಗದ

ಅಮೆರಿಕದ ಹೆಸರಾಂತ ರೇಸಾದ ಕೆಂಟಕಿ ಡರ್ಬಿಯನ್ನು 1986ರಲ್ಲಿ ಗೆದ್ದ ಕುದುರೆ ಫರ್ಡಿನೆಂಡ್. ಮರುವರ್ಷ ಅಮೆರಿಕದ ವರ್ಷದ ಕುದುರೆ ಎಂಬ ಗೌರವವೂ ಅದಕ್ಕೇ ಸಿಕ್ಕಿತು. 1994ರಲ್ಲಿ ತಳಿಗಾಗಿ ಜಪಾನಿಗೆ ಮಾರಿದರು. ಅಲ್ಲಿ ಬೇಡಿಕೆ ಇಳಿಯಿತು, ಕೈ ಬದಲಾಯಿತು. 2003ರಲ್ಲಿ ವಿಚಾರಿಸಿದಾಗ ಹಿಂದಿನ ವರ್ಷವೇ ಅದು ಕಸಾಯಿಖಾನೆ ಸೇರಿತ್ತು ಎಂದು ಗೊತ್ತಾಯಿತು. ಮೊದಲು ಸಾಕಿದ್ದವರಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಹೇಳಬೇಕೆಂದು ಯಾವ ಕಾಗದದಲ್ಲೂ ಇರಲಿಲ್ಲ.

1997ರ ಡರ್ಬಿ ಗೆದ್ದ ಸಿಲ್ವರ್ ಚಾರ್ಮ್ ಕೂಡ ಜಪಾನಿಗೆ ಹೋಗಿತ್ತು. ಆದರೆ ತಳಿ ಕೆಲಸ ಮುಗಿದರೆ ವಾಪಸ್ ಬರಬೇಕು ಎನ್ನುವ ಏರ್ಪಾಡು ಮೊದಲೇ ಆಗಿತ್ತು. 2014ರ ಡಿಸೆಂಬರ್‌ನಲ್ಲಿ, 20 ವರ್ಷದ ಕುದುರೆ ವಿಮಾನ ಹತ್ತಿ ಕೆಂಟಕಿಗೆ ಮರಳಿತು. ಓಲ್ಡ್ ಫ್ರೆಂಡ್ಸ್ ಎಂಬ ನಿವೃತ್ತ ಕುದುರೆಗಳ ಫಾರ್ಮ್ ಅದನ್ನು ಬರಮಾಡಿಕೊಂಡಿತು. ಎರಡೂ ಡರ್ಬಿ ಗೆದ್ದವು, ಎರಡೂ ಹೋದದ್ದು ಒಂದೇ ದೇಶಕ್ಕೆ. ಮುಂಚೆಯೇ ಆದ ಒಂದು ಮಾತುಕತೆ ಒಂದನ್ನು ಉಳಿಸಿತು.

ನಮ್ಮ ಕಾನೂನು ಎಷ್ಟರಮಟ್ಟಿಗೆ ಕಾಯುತ್ತದೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ವಯಸ್ಸು ಅಥವಾ ರೋಗದಿಂದ ಕೆಲಸಕ್ಕೆ ಆಗದ ಪ್ರಾಣಿಯನ್ನು ದುಡಿಸುವುದು ಅಪರಾಧ. ಹಸಿವು, ಬಾಯಾರಿಕೆಯಿಂದ ನರಳುವಂತೆ ಬೀದಿಗೆ ಬಿಡುವುದೂ ಅಪರಾಧ. ಆದರೆ ಮೊದಲ ಸಲದ ತಪ್ಪಿಗೆ ಕಾಯ್ದೆ ಹೇಳುವ ದಂಡ 10ರಿಂದ 50 ರೂಪಾಯಿ. 1960ರಲ್ಲಿ ಬರೆದದ್ದು. ಕುದುರೆಯ ಒಂದು ಹೊತ್ತಿನ ಮೇವಿಗೂ ಅದು ಸಾಲದು. ಹಾಗಾಗಿ ಕಾಯ್ದೆಯನ್ನು ನಂಬಿ ಕೂರಬಾರದು. ನಿಮ್ಮ ಒಪ್ಪಂದವನ್ನು ನೀವೇ ಸ್ಟ್ಯಾಂಪ್ ಕಾಗದದ ಮೇಲೆ ಬರೆಸಬೇಕು.

ಅದರಲ್ಲಿ ದೊಡ್ಡ ಮಾತು ಬೇಡ. ಕುದುರೆಯನ್ನು ಮಾರುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ. ಸಾಕಲು ಆಗದಿದ್ದರೆ ನಮಗೇ ವಾಪಸ್, ನಾವೇ ಗಾಡಿ ಕಳಿಸುತ್ತೇವೆ. ಬಾಡಿಗೆಗೆ ಬಿಡುವಂತಿಲ್ಲ, ಮರಿ ಹಾಕಿಸುವಂತಿಲ್ಲ. ಮೊದಲ ಆರು ತಿಂಗಳು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಎರಡು ಸಲ, ಹೇಳದೆ ಬಂದು ನೋಡುತ್ತೇವೆ. ಮೊದಲ ಮೂರು ತಿಂಗಳು ಪರೀಕ್ಷೆಯ ಕಾಲ, ಆಗ ಒಡೆತನ ನಮ್ಮದೇ. ಇಷ್ಟಿದ್ದರೆ ಸಾಕು. ಈ ಕಾಗದಕ್ಕೆ ಸಹಿ ಹಾಕಲು ಮುಖ ಸಿಂಡರಿಸುವವರು ಕುದುರೆಯನ್ನು ಮುಂದೆ ಏನು ಮಾಡುತ್ತಾರೆ ಎಂದು ಆಗಲೇ ಹೇಳಿಬಿಟ್ಟಿರುತ್ತಾರೆ.

"ಪುಕ್ಕಟೆ ಕೊಡುತ್ತೇವೆ" ಎಂದು ವಾಟ್ಸ್ಆ್ಯಪ್‌ನಲ್ಲಿ ಹಾಕಬೇಡಿ ಎಂದು ನಾನು ಬೇಡಿಕೊಳ್ಳುತ್ತೇನೆ. ಪುಕ್ಕಟೆ ಬಂದದ್ದನ್ನು ಎಷ್ಟಕ್ಕೆ ಮಾರಿದರೂ ಲಾಭವೇ. ಮೊದಲು ಓಡಾಡಿ ಬರುವವರು ಕುದುರೆ ಸಾಕುವವರಾಗಿರುವುದಿಲ್ಲ, ವ್ಯಾಪಾರ ಮಾಡುವವರಾಗಿರುತ್ತಾರೆ.

ಖರ್ಚಿನ ಬಗ್ಗೆ ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಹೊಸ ಮನೆಯವರು ಜಾಗ, ಸಮಯ ಕೊಡಲಿ. ಮೇವು, ವೈದ್ಯರ ಖರ್ಚಿನಲ್ಲಿ ಒಂದು ಪಾಲು ಕುದುರೆಯಿಂದ ದುಡಿದವರೇ ಕೊಡಬೇಕು. ಕುದುರೆ ಕೊಳ್ಳುವ ದಿನವೇ ಅದರ ಮುಪ್ಪಿಗೆ ಅಂತ ತಿಂಗಳಿಗಿಷ್ಟು ಎತ್ತಿಡಲು ಶುರು ಮಾಡಿದರೆ ಇದು ಆಗದ ಕೆಲಸವೇನಲ್ಲ. ಬ್ರಿಟನ್ನಿನಲ್ಲಿ 2000ದಲ್ಲಿ ರೇಸಿನವರೇ ಸೇರಿ ನಿವೃತ್ತ ಕುದುರೆಗಳಿಗಾಗಿ ಒಂದು ಸಂಸ್ಥೆ ಕಟ್ಟಿದರು. ಅಮೆರಿಕದಲ್ಲಿ 2012ರಲ್ಲಿ ಅಂಥ ಆಶ್ರಯಗಳನ್ನು ಪರಿಶೀಲಿಸಿ ಮಾನ್ಯತೆ ಮತ್ತು ಹಣ ಕೊಡುವ ಕೂಟ ಬಂತು. ಓಟದಿಂದ ಬಂದ ದುಡ್ಡಿನಲ್ಲಿ ಒಂದು ಪಾಲು ಓಟ ನಿಂತವರಿಗೂ ಹೋಗಬೇಕೆಂಬುದು ಅವರ ಲೆಕ್ಕ. ನ್ಯಾಯವಾದ ಲೆಕ್ಕ.

ನಮ್ಮಲ್ಲೂ ಒಳ್ಳೆಯ ಉದಾಹರಣೆ ಇದೆ. ರಾಷ್ಟ್ರಪತಿಗಳ ಅಂಗರಕ್ಷಕ ದಳದ ವಿರಾಟ್. 2003ರಲ್ಲಿ ದಳ ಸೇರಿದ ಹ್ಯಾನೊವರಿಯನ್ ತಳಿಯ ಕುದುರೆ. 2022ರ ಜನವರಿ 26ರ ಪೆರೇಡ್ ಮುಗಿದ ಮೇಲೆ ನಿವೃತ್ತಿಯಾಯಿತು. ರಾಷ್ಟ್ರಪತಿ, ಪ್ರಧಾನಿ ಅದರ ಮೈ ಸವರಿದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ. ಆ ದೃಶ್ಯಕ್ಕಿಂತ ಆಮೇಲಿನ ತೀರ್ಮಾನ ನನಗೆ ದೊಡ್ಡದು. ದಳವೇ ಅದನ್ನು ದತ್ತು ಪಡೆದು ತನ್ನಲ್ಲೇ ಉಳಿಸಿಕೊಂಡಿತು. ಅದೇ ಲಾಯ, ಅದೇ ಜೊತೆಗಾರರು. ಮುದಿ ಕುದುರೆಗೆ ಹೊಸ ಮನೆ ಹುಡುಕುವ ಮೊದಲು ಈಗಿನ ಮನೆಯಲ್ಲೇ ಒಂದು ಮೂಲೆ ಸಿಗಬಹುದೇ ಎಂದು ನೋಡುವುದು ಎಲ್ಲಕ್ಕಿಂತ ಒಳ್ಳೆಯದು.

ಮನೆ ಸಿಗದಿದ್ದರೆ

ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೂ ಬರೆಯಲೇಬೇಕು.

ಮೊದಲ ಮಹಾಯುದ್ಧ ಮುಗಿದಾಗ ಬ್ರಿಟಿಷ್ ಸೇನೆ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲೇ ಮಾರಿಬಿಟ್ಟಿತು. ಮೈಸೂರು ಸಂಸ್ಥಾನದ ಅಶ್ವದಳವಾದ ನಮ್ಮ ಮೈಸೂರು ಲ್ಯಾನ್ಸರ್ಸ್ ಹೋರಾಡಿದ್ದೂ ಆ ಕಡೆಯ ರಣಾಂಗಣದಲ್ಲೇ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದ ಅಶ್ವದಳಗಳಲ್ಲಿ ಅವರೂ ಇದ್ದರು. ಅವರ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. ಡೊರೊಥಿ ಬ್ರೂಕ್ ಎಂಬ ಮಹಿಳೆ 1930ರಲ್ಲಿ ಕೈರೋಗೆ ಬಂದರು. ಹಾಗೆ ಮಾರಿಹೋದ ಕುದುರೆಗಳು 20 ವರ್ಷ ದಾಟಿದ ಮೇಲೂ ಬೀದಿಯಲ್ಲಿ, ಕಲ್ಲುಗಣಿಯಲ್ಲಿ ಗಾಡಿ ಎಳೆಯುತ್ತಿರುವುದನ್ನು ಕಂಡರು. ಮೈಮೇಲಿನ ಸೇನೆಯ ಬರೆ ನೋಡಿ ಗುರುತು ಹಿಡಿದರು. 1931ರಲ್ಲಿ ಲಂಡನ್ ಪತ್ರಿಕೆಗೆ ಪತ್ರ ಬರೆದು ಹಣ ಕೂಡಿಸಿದರು. ಮೂರು ವರ್ಷದಲ್ಲಿ ಸುಮಾರು 5,000 ಕುದುರೆಗಳನ್ನು ಕೊಂಡರು. 1934ರಲ್ಲಿ ಕೈರೋದಲ್ಲಿ ಆಸ್ಪತ್ರೆ ತೆರೆದರು.

ಕೊಂಡ ಕುದುರೆಗಳಲ್ಲಿ ಹೆಚ್ಚಿನವು ಉಳಿಸಲಾರದ ಸ್ಥಿತಿಯಲ್ಲಿದ್ದವು. ಅವುಗಳಿಗೆ ಕೆಲವು ದಿನ ವಿಶ್ರಾಂತಿ, ಒಳ್ಳೆಯ ಮೇವು, ಮೆತ್ತನೆಯ ಹಾಸಿಗೆ ಕೊಟ್ಟು, ನೋವಿಲ್ಲದಂತೆ ಕೊನೆಗಾಣಿಸಿದರು. ಮೊದಲ ಸಲ ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು. ಮದುವೆ ಮೆರವಣಿಗೆಯಲ್ಲಿ ನಮ್ಮ ಕುದುರೆಯನ್ನು ಕಂಡ ಮೇಲೆ ಬರಲಿಲ್ಲ. ಕೈಯಿಂದ ಕೈಗೆ ದಾಟುತ್ತಾ ಮೂರು ವರ್ಷ ಸವೆಯುವುದಕ್ಕಿಂತ, ಗೊತ್ತಿರುವ ಜಾಗದಲ್ಲಿ, ಗೊತ್ತಿರುವವರ ಕೈಯಲ್ಲಿ ಒಂದು ಬೆಳಿಗ್ಗೆ ಮುಗಿಯುವುದು ಹಿಂಸೆಯಲ್ಲ ಎಂದು ಈಗ ನಂಬುತ್ತೇನೆ. ಎಲ್ಲರೂ ಒಪ್ಪುವುದಿಲ್ಲ, ಗೊತ್ತು. ಇಷ್ಟಂತೂ ಹೇಳಬಲ್ಲೆ: ಎದ್ದು ನಿಲ್ಲಲಾಗದ, ಮೇವು ಬಿಟ್ಟ, ನೋವಿನ ಮದ್ದು ಕೊಟ್ಟರೂ ನಾಲ್ಕು ಹೆಜ್ಜೆ ಇಡಲಾಗದ ಕುದುರೆಗೆ ಯಾರೂ ಹೊಸ ಮನೆ ಹುಡುಕಬಾರದು. ಆ ತೀರ್ಮಾನವನ್ನು ಇನ್ನೊಬ್ಬರ ತಲೆಗೆ ಕಟ್ಟಬಾರದು.

ಒಳ್ಳೆಯ ಮನೆ ಸಿಕ್ಕಿದರೂ ಕೊನೆಯ ದಿನ ಬಂದೇ ಬರುತ್ತದೆ. ಆದ್ದರಿಂದ ಕಾಗದದಲ್ಲಿ ಇದನ್ನೂ ಬರೆದಿಡಿ: ತೀರ್ಮಾನ ಯಾರದು, ವೈದ್ಯರು ಯಾರು, ಹೂಳುವುದೆಲ್ಲಿ. 400-500 ಕೆ.ಜಿ. ದೇಹಕ್ಕೆ ಜೆಸಿಬಿ ಬೇಕು, ಬಾವಿ, ಬೋರ್‌ವೆಲ್‌ನಿಂದ ದೂರ ಆಳದ ಗುಂಡಿ ಬೇಕು. ದಯಾಮರಣದ ಔಷಧಿ ದೇಹದಲ್ಲಿ ಉಳಿಯುತ್ತದೆ. ನಾಯಿ, ಹದ್ದು ತಿಂದರೆ ಅವೂ ಸಾಯುತ್ತವೆ. ಹೊರಗೆ ಎಸೆಯುವಂತೆಯೇ ಇಲ್ಲ.

ಒಂದು ಮಾತು ನನಗೆ ಹಳೆಯ ಸಯೀಸ್ ಒಬ್ಬರು ಹೇಳಿಕೊಟ್ಟದ್ದು. ಹೂಳುವ ಮೊದಲು ಜೊತೆಗಾರ ಕುದುರೆಯನ್ನು ಹತ್ತಿರ ಬಿಡಿ ಎಂದಿದ್ದರು. ಬಿಡದಿದ್ದರೆ ದಿನಗಟ್ಟಲೆ ಬೇಲಿ ಬಳಿ ನಿಂತು ಕೂಗುತ್ತದಂತೆ. ಒಮ್ಮೆ ನಾನೇ ನೋಡಿದೆ. ಹೆಣ್ಣು ಕುದುರೆಯೊಂದು ನಿಧಾನ ಬಂದು ಮಲಗಿದ್ದವನ ಮೂಗನ್ನು ಮೂಸಿತು, ಜೂಲನ್ನು ಮೂಸಿತು. ಹಲ್ಲಿನಿಂದ ಹೆಗಲನ್ನು ಮೆಲ್ಲಗೆ ಒಮ್ಮೆ ಕೆರೆಯಿತು, ದಿನವೂ ಕೆರೆಯುತ್ತಿದ್ದ ಹಾಗೆ. ಕಾಲು ಗಂಟೆ ಅಲ್ಲೇ ನಿಂತಿತ್ತು. ಆಮೇಲೆ ತಿರುಗಿ ಹುಲ್ಲಿನ ಕಡೆ ನಡೆಯಿತು.